ರೈ ವಿಸ್ಕಿಗೆ ಯಾಕಿಷ್ಟು ಕಾಯಬೇಕು?

ಅಮೆರಿಕದ ಯಾವುದಾದರೂ ಡಿಸ್ಟಿಲರಿ ಹೊಸ ರೈ ವಿಸ್ಕಿ ಬಿಡುತ್ತದೆ ಅಂದರೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯಲ್ಲೂ ಕಿವಿ ನೆಟ್ಟಗಾಗುವವರಿದ್ದಾರೆ. ಇಲ್ಲಿನ ವೈನ್ ಶಾಪಿಗೆ ಅದು ಬರುವುದು ಅಪರೂಪ. ವಿದೇಶದಿಂದ ಬರುವ ನೆಂಟರೇ ಗತಿ. ಅವರೂ ಸುಂಕ ಕಟ್ಟದೆ ತರಬಹುದಾದದ್ದು ತಲಾ 2 ಲೀಟರ್. ಆದರೆ ಬಾಟಲಿ ಸಿಗದಿರುವುದಕ್ಕೆ ದೂರವೊಂದೇ ಕಾರಣ ಅಲ್ಲ. ಅಮೆರಿಕದಲ್ಲೇ ಹಳೆಯ ರೈ ಕಡಿಮೆ.

ರೈ ಎಂಬುದು ಗೋಧಿ, ಬಾರ್ಲಿಯ ಕುಲದ ಧಾನ್ಯ. ಚಳಿ ತಡೆಯುತ್ತದೆ, ಬಡ ಮಣ್ಣಲ್ಲೂ ಬರುತ್ತದೆ. ಪೆನ್ಸಿಲ್ವೇನಿಯಾ, ಮೇರಿಲ್ಯಾಂಡ್‌ನ ರೈತರು ಅದನ್ನೇ ಭಟ್ಟಿ ಇಳಿಸಿದರು. ಬ್ರಿಟಿಷರ ಜೊತೆಗಿನ ಯುದ್ಧದಲ್ಲಿ ಕಾಕಂಬಿ ಬರುವುದು ಕಷ್ಟವಾಗಿ ರಮ್ ಹಿಂದೆ ಬಿತ್ತು, ರೈ ಮುಂದೆ ಬಂತು. 1791ರಲ್ಲಿ ಸರ್ಕಾರ ಮದ್ಯಕ್ಕೆ ತೆರಿಗೆ ಹಾಕಿತು. ಪಶ್ಚಿಮ ಪೆನ್ಸಿಲ್ವೇನಿಯಾದ ರೈತರು ದಂಗೆ ಎದ್ದರು. 1794ರಲ್ಲಿ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಸೈನ್ಯದೊಂದಿಗೆ ಹೊರಟು ಅದನ್ನು ಅಡಗಿಸಿದರು. ತಮಾಷೆ ನೋಡಿ, 1797ರಲ್ಲಿ ಅವರೇ ಮೌಂಟ್ ವರ್ನನ್‌ನ ತಮ್ಮ ಜಮೀನಿನಲ್ಲಿ ಭಟ್ಟಿ ಶುರು ಮಾಡಿದರು! 60 ಪಾಲು ರೈ, 35 ಪಾಲು ಮೆಕ್ಕೆಜೋಳ, 5 ಪಾಲು ಮೊಳಕೆ ಬಾರ್ಲಿ. 1799ರಲ್ಲಿ ಸುಮಾರು 11,000 ಗ್ಯಾಲನ್ ಇಳಿಯಿತು.

1920ರಿಂದ 1933ರವರೆಗಿನ ಪಾನನಿಷೇಧ ಎಲ್ಲರಿಗೂ ಪೆಟ್ಟು ಕೊಟ್ಟಿತು. ಮೆಕ್ಕೆಜೋಳದ ಬರ್ಬನ್ ವಿಸ್ಕಿ ಆಮೇಲೆ ಚೇತರಿಸಿಕೊಂಡಿತು. ರೈ ಏಳಲೇ ಇಲ್ಲ. ಜನರಿಗೆ ಹಗುರ ರುಚಿ ಹಿಡಿಸಿತ್ತು, ಖಾರ ಖಾರ ಎನಿಸುವ ರೈ ಬೇಡವಾಗಿತ್ತು. ಕೆಲಸವೂ ಕಿರಿಕಿರಿ. ಬಿಸಿನೀರಿಗೆ ಹಾಕಿದ ರೈ ಹಿಟ್ಟು ಅಂಟಾಗುತ್ತದೆ, ಹುಳಿಯುವಾಗ ನೊರೆ ಉಕ್ಕುತ್ತದೆ. ಕೆಂಟಕಿಯ ದೊಡ್ಡ ಡಿಸ್ಟಿಲರಿಗಳಲ್ಲೂ ರೈಗೆ ವರ್ಷದಲ್ಲಿ ಬೆರಳೆಣಿಕೆಯ ದಿನಗಳಷ್ಟೇ ಉಳಿದವು.

2000ದ ನಂತರ ಮ್ಯಾನ್‌ಹ್ಯಾಟನ್, ಸ್ಯಾಜರಾಕ್‌ನಂಥ ಹಳೆ ಕಾಕ್‌ಟೇಲ್‌ಗಳಿಗೆ ಮತ್ತೆ ಗಿರಾಕಿ ಹುಟ್ಟಿದರು. ಅವಕ್ಕೆ ರೈ ಬೇಕು. ಗೋದಾಮಿನಲ್ಲಿ ಇಲ್ಲ. ಅಡಿಕೆ ಬೆಳೆಗಾರರಿಗೆ ಈ ಫಜೀತಿ ಬಿಡಿಸಿ ಹೇಳಬೇಕಿಲ್ಲ. ಇವತ್ತು ರೇಟು ಬಂತೆಂದು ಸಸಿ ನೆಟ್ಟರೆ ಕೊನೆ ಬಿಡಲು ಐದಾರು ವರ್ಷ ಬೇಕು. ಅಮೆರಿಕದ ಕಾನೂನಿನಂತೆ ರೈ ವಿಸ್ಕಿಯಲ್ಲಿ ಕನಿಷ್ಠ ಶೇ 51 ರೈ ಇರಬೇಕು, ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು. ಲೇಬಲ್ಲಿನಲ್ಲಿ ‘ಸ್ಟ್ರೇಟ್’ ಎನ್ನಲು ಪೀಪಾಯಿಯಲ್ಲಿ ಕನಿಷ್ಠ 2 ವರ್ಷ ಮಾಗಬೇಕು. ಸರ್ಕಾರದ ಉಸ್ತುವಾರಿಯ ಗೋದಾಮಿನಲ್ಲಿ ಮಾಗಿದ್ದು ಎಂದು ಸಾರುವ, 1897ರ ಕಾಯ್ದೆಯ ‘ಬಾಟಲ್ಡ್ ಇನ್ ಬಾಂಡ್’ ಮುದ್ರೆಗೆ 4 ವರ್ಷ, ಮದ್ಯಸಾರ ಶೇ 50. ಹಾಗಾಗಿ ಎಷ್ಟೋ ಹೊಸ ಬ್ರ್ಯಾಂಡ್‌ಗಳು ಇಂಡಿಯಾನಾದ ಲಾರೆನ್ಸ್‌ಬರ್ಗ್‌ನ ಒಂದೇ ಡಿಸ್ಟಿಲರಿಯಿಂದ ಶೇ 95 ರೈ ಇರುವ ಮಾಲು ಕೊಂಡು ತಮ್ಮ ಲೇಬಲ್ ಅಂಟಿಸಿದವು. ತಪ್ಪೇನಲ್ಲ, ಆದರೆ ನಮ್ಮದೇ ಭಟ್ಟಿಯದು ಎಂಬ ಧಾಟಿಯಲ್ಲಿ ಮಾರುವುದು ನನಗೆ ಸರಿ ಕಾಣುವುದಿಲ್ಲ. ತಾನೇ ಇಳಿಸಿದ ರೈಯನ್ನು ಡಿಸ್ಟಿಲರಿಯೊಂದು ಮೊದಲ ಸಲ ಹೊರತಂದಾಗ ಅಷ್ಟು ಸಡಗರ ಇರುವುದು ಇದಕ್ಕೇ.

ನಮ್ಮ ಬೆಂಗಳೂರಿನ ಅಮೃತ್ ಡಿಸ್ಟಿಲರಿ ಕೂಡ ನೂರಕ್ಕೆ ನೂರು ಮೊಳಕೆ ರೈಯಿಂದ ವಿಸ್ಕಿ ಮಾಡಿದೆ. ಸ್ಕಾಟ್ಲೆಂಡಿನ ಪೀಪಾಯಿಯಿಂದ ವರ್ಷಕ್ಕೆ ಶೇ 2ರಷ್ಟು ಆವಿಯಾದರೆ, ಬೆಂಗಳೂರಿನ ಶಾಖಕ್ಕೆ ಶೇ 10ರ ಆಸುಪಾಸು ಹೋಗುತ್ತದೆ. ಆಗುಂಬೆಯ ಮಳೆಗಾಲದಲ್ಲಿ ಇಟ್ಟರೆ? ತೇವ ಜಾಸ್ತಿ ಇದ್ದಲ್ಲಿ ನೀರಿಗಿಂತ ಮದ್ಯಸಾರವೇ ಬೇಗ ಹೋಗಿ ವಿಸ್ಕಿಯ ಖಡಕ್ಕು ಇಳಿಯುತ್ತದೆ. ಯಾರಾದರೂ ಇಟ್ಟು ನೋಡಬೇಕಷ್ಟೇ. ನಮ್ಮ ಹವೆಯಲ್ಲಿ ಪೀಪಾಯಿಯನ್ನು ಹನ್ನೆರಡು ವರ್ಷ ಬಿಟ್ಟರೆ ಬಾಟಲಿಗೆ ತುಂಬಲು ಹೆಚ್ಚೇನೂ ಉಳಿಯದು. ಇಲ್ಲಿನ ರೈ ನಾಲ್ಕೈದು ವರ್ಷದ್ದು ಅಂತ ಮೂಗು ಮುರಿಯುವವರು ಈ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಲಿ.