‘ಒಡನಾಡಿ’ಯೊಳಗಿನ ‘ಒಡನೆ’

ಹಿರಿಯ ಲೇಖಕರೊಬ್ಬರು ತೀರಿಕೊಂಡಾಗ ಪತ್ರಿಕೆಗಳು ಅವರ ಬಳಗದ ಹಲವರನ್ನು ಸ್ನೇಹಿತರೆಂದೂ, ಒಬ್ಬಿಬ್ಬರನ್ನು ಮಾತ್ರ ‘ದೀರ್ಘಕಾಲದ ಒಡನಾಡಿ’ ಎಂದೂ ಕರೆಯುವುದುಂಟು. ಇದು ಅರ್ಥಪೂರ್ಣವಾದ ಭೇದ. ದೂರದಲ್ಲಿದ್ದು ಕಾಗದ ಬರೆದುಕೊಂಡೇ ಸ್ನೇಹಿತರಾಗಿರಬಹುದು. ಒಡನಾಡಿ ಎನ್ನಿಸಿಕೊಳ್ಳಲು ಜೊತೆಯಲ್ಲಿ ಓಡಾಡಿರಬೇಕು, ಒಂದೇ ಕೆಲಸಕ್ಕೆ ಹೆಗಲು ಕೊಟ್ಟಿರಬೇಕು. ಪದದ ರಚನೆಯಲ್ಲಿಯೇ ಈ ನಿಬಂಧನೆ ಅಡಗಿದೆ. ‘ಒಡನೆ’ ಎಂದರೆ ಜೊತೆಯಲ್ಲಿ. ‘ಆಡು’ ಎಂಬ ಧಾತು ಆಟಕ್ಕಷ್ಟೇ ಅಲ್ಲದೆ, ಓಡಾಡು, ಮಾತಾಡು ಎಂಬ ರೂಪಗಳಲ್ಲಿ ಕಾಣುವಂತೆ, ಚಲನೆಗೂ ನುಡಿಗೂ ಸಲ್ಲುತ್ತದೆ. ಇಂಗ್ಲಿಷಿನ ‘ಕಂಪ್ಯಾನಿಯನ್’ ಪದದ ಲ್ಯಾಟಿನ್ ಮೂಲದಲ್ಲಿರುವುದು ರೊಟ್ಟಿಯನ್ನು ಹಂಚಿಕೊಂಡು ತಿನ್ನುವ ಚಿತ್ರ. ಕನ್ನಡದ್ದು ಕೂಡಿ ಆಡುವ ಚಿತ್ರ.

ತಮಿಳಿನಲ್ಲಿ ಈ ‘ಒಡನೆ’ಯ ರೂಪ ‘ಉಡನ್’. ಮೊದಲಕ್ಷರದ ಉ–ಒ ವ್ಯತ್ಯಾಸ ಆಕಸ್ಮಿಕವಲ್ಲ. ತಮಿಳಿನ ‘ಉರಲ್’ ನಮ್ಮಲ್ಲಿ ಒರಳು, ‘ಉಲಕ್ಕೈ’ ಒನಕೆ, ‘ಉದೈ’ ಒದೆ. ಮುಂದಿನ ಅಕ್ಷರದಲ್ಲಿ ‘ಅ’ಕಾರವಿದ್ದ ಮೂಲರೂಪಗಳಲ್ಲಿ ನಡೆದ ಈ ಬದಲಾವಣೆಯನ್ನು ಭಾಷಾವಿಜ್ಞಾನಿ ಭದ್ರಿರಾಜು ಕೃಷ್ಣಮೂರ್ತಿಯವರು 1958ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ವಿವೇಚಿಸಿದ್ದಾರೆ.

ನನಗೆ ಇನ್ನೂ ಹೆಚ್ಚು ಸೋಜಿಗವೆನಿಸುವುದು ಅರ್ಥದ ಪಯಣ. ‘ಬಂದೊಡನೆ’ ಎನ್ನುವಾಗ ‘ಒಡನೆ’ಗೆ ಜೊತೆಯ ಅರ್ಥವಿಲ್ಲ, ‘ತಕ್ಷಣ’ ಎಂಬ ಅರ್ಥವಿದೆ. ಒಂದು ಘಟನೆಯ ಜೊತೆಗೇ ಇನ್ನೊಂದು ಘಟಿಸಿದರೆ ನಡುವೆ ಕಾಲದ ಅಂತರ ಉಳಿಯುವುದಿಲ್ಲ; ಹಾಗಾಗಿ ಸಾಂಗತ್ಯವನ್ನು ಹೇಳುತ್ತಿದ್ದ ಪದ ಕಾಲವನ್ನು ಹೇಳತೊಡಗುತ್ತದೆ. ಇದು ಒಂದೇ ಪದದ ಕಥೆಯಾಗಿದ್ದರೆ ಅಪವಾದವೆಂದು ಬಿಡಬಹುದಿತ್ತು. ಆದರೆ ‘ಸೇರು’ ಎಂಬ ಅರ್ಥದ ‘ಕೂಡು’ ಧಾತು, ‘ಒಡನೆ’ಗೂ ತನಗೂ ಯಾವ ನಂಟೂ ಇಲ್ಲದಿದ್ದರೂ, ಅದೇ ಹಾದಿ ಹಿಡಿದಿದೆ: ಉತ್ತರ ಕರ್ನಾಟಕದಲ್ಲಿ ‘ನನ್ನ ಕೂಡ ಬಾ’ ಎಂದರೆ ಜೊತೆಗೆ ಬಾ ಎಂದು, ‘ಬಂದ ಕೂಡಲೇ’ ಎಂದರೆ ಬಂದ ತಕ್ಷಣ. ‘ನಾನು ಕೂಡ ಬರುತ್ತೇನೆ’ ಎಂಬ ಮಾತಿನಲ್ಲಿ ಅದು ‘ಸಹ’ ಎಂಬ ಮತ್ತೊಂದು ಕವಲನ್ನೂ ಪಡೆದಿದೆ. ಸ್ವತಂತ್ರ ಪದಗಳು ಹೀಗೆ ವ್ಯಾಕರಣದ ಉಪಕರಣಗಳಾಗುವುದನ್ನು ಭಾಷಾವಿಜ್ಞಾನಿಗಳು ವ್ಯಾಕರಣೀಕರಣ ಎನ್ನುತ್ತಾರೆ.

ಎರಡು ಅರ್ಥಗಳಲ್ಲಿ ಹಳೆಯದು ಯಾವುದೆಂಬ ಪ್ರಶ್ನೆಗೆ ‘ಒಡಹುಟ್ಟಿದವರು’ ಎಂಬ ಪದ ಒಳ್ಳೆಯ ಸುಳಿವು. ಅಕ್ಕನಿಗೂ ತಮ್ಮನಿಗೂ ಹತ್ತು ವರ್ಷಗಳ ಅಂತರವಿದ್ದರೂ ಅವರು ಒಡಹುಟ್ಟಿದವರೇ. ಇಲ್ಲಿ ‘ಒಡ’ ಎಂಬುದಕ್ಕೆ ಏಕಕಾಲದ ಸೋಂಕೇ ಇಲ್ಲ. ತಮಿಳಿನವರೂ ಸೋದರರನ್ನು ‘ಉಡನ್‌ಪಿರಪ್ಪು’ ಎಂದೇ ಕರೆಯುವುದರಿಂದ, ಜೊತೆಯ ಅರ್ಥವೇ ಮೊದಲಿನದು, ತಕ್ಷಣದ ಅರ್ಥ ಅದರಿಂದ ಚಿಗುರಿದ್ದು ಎಂದು ನಾನು ಭಾವಿಸುತ್ತೇನೆ.