ಸ್ವೀಡನ್‌ನ ಸ್ನೂಸ್ ಅಮೆರಿಕಕ್ಕೆ ಹೋದಾಗ

ಸ್ವೀಡನ್‌ನ ಅಂಗಡಿಯಲ್ಲಿ 'ಜನರಲ್' ಸ್ನೂಸ್ ಡಬ್ಬಿಯನ್ನು ಕೈಗೆತ್ತಿಕೊಂಡರೆ, ಈ ತಂಬಾಕು ಆರೋಗ್ಯಕ್ಕೆ ಹಾನಿ ಮಾಡುತ್ತದೆ, ಚಟ ಹಿಡಿಸುತ್ತದೆ ಎಂಬ ಎಚ್ಚರಿಕೆ ಕಾಣುತ್ತದೆ. ಅದೇ ಬ್ರ್ಯಾಂಡ್ ಅಮೆರಿಕದಲ್ಲಿ ಮಾರಾಟವಾಗುವಾಗ ಡಬ್ಬಿಗಳ ಮೇಲೆ ಸರದಿಯಂತೆ ನಾಲ್ಕು ಎಚ್ಚರಿಕೆಗಳು ಬರುತ್ತವೆ. ಅವುಗಳಲ್ಲಿ ಒಂದು, ಇದರಿಂದ ಬಾಯಿಯ ಕ್ಯಾನ್ಸರ್ ಬರಬಹುದು ಎನ್ನುತ್ತದೆ. ಯುರೋಪಿನಲ್ಲೂ ಒಂದು ಕಾಲಕ್ಕೆ ಕ್ಯಾನ್ಸರಿನ ಮಾತು ಕಡ್ಡಾಯವಾಗಿತ್ತು. ಯುರೋಪಿಯನ್ ಒಕ್ಕೂಟದ 2001ರ ನಿರ್ದೇಶನ ಅದನ್ನು ಕೈಬಿಟ್ಟಿತು. ಒಂದೇ ಹೆಸರಿನ ಸರಕಿಗೆ ಎರಡು ಬಗೆಯ ಎಚ್ಚರಿಕೆ ಏಕೆ ಎಂದು ಕೇಳುತ್ತಾ ಹೋದರೆ ಒಂದು ದೀರ್ಘ ಇತಿಹಾಸ ಬಿಚ್ಚಿಕೊಳ್ಳುತ್ತದೆ.

ಸ್ನೂಸ್ ಎಂದರೆ ನುಣ್ಣಗೆ ಅರೆದ, ಒದ್ದೆಯಾದ ತಂಬಾಕು. ನೀರು, ಉಪ್ಪು ಮತ್ತು ಸೋಡಿಯಂ ಕಾರ್ಬೊನೇಟ್ ಬೆರೆಸಿ ಮಾಡಿದ ಇದನ್ನು ಮೇಲ್ದುಟಿಯ ಒಳಗೆ ಇಟ್ಟುಕೊಳ್ಳುತ್ತಾರೆ. ಅಗಿಯುವುದಿಲ್ಲ, ಸಾಮಾನ್ಯವಾಗಿ ಉಗುಳುವುದೂ ಇಲ್ಲ. ಇಂದಿಗೂ ಮಾರಾಟದಲ್ಲಿರುವ 'ಎಟ್ಟಾನ್' 1822ರಷ್ಟು ಹಳೆಯದು. 'ಜನರಲ್' ಬಂದದ್ದು 1866ರಲ್ಲಿ. 1915ರಲ್ಲಿ ಸ್ವೀಡನ್ ಸರ್ಕಾರ ತಂಬಾಕಿನ ವ್ಯವಹಾರವನ್ನೇ ತನ್ನ ಏಕಸ್ವಾಮ್ಯಕ್ಕೆ ತೆಗೆದುಕೊಂಡಿತು. ಪುಟ್ಟ ಚೀಲಗಳಲ್ಲಿ ತುಂಬಿದ ಸ್ನೂಸ್ 1970ರ ದಶಕದ ಹೊಸತು. ಅಲ್ಲಿಯವರೆಗೆ ಎಲ್ಲರೂ ಬೆರಳಿನಿಂದ ಉಂಡೆ ಮಾಡಿಕೊಳ್ಳುತ್ತಿದ್ದರು.

ಇಲ್ಲಿ ನಿಜವಾಗಿ ಗಮನಿಸಬೇಕಾದದ್ದು ತಯಾರಿಕೆಯ ಕ್ರಮ. ಅಮೆರಿಕದ ಸಾಂಪ್ರದಾಯಿಕ ಒದ್ದೆ ತಂಬಾಕನ್ನು ಹುದುಗಿಸುತ್ತಾರೆ. ಸ್ವೀಡನ್‌ನವರು ಹುದುಗಿಸುವ ಬದಲು ಹಬೆಯಲ್ಲಿ ಗಂಟೆಗಟ್ಟಲೆ ಬಿಸಿ ಮಾಡುತ್ತಾರೆ. ಬಿಸಿಗೆ ಬ್ಯಾಕ್ಟೀರಿಯಾಗಳು ಸಾಯುತ್ತವೆ. ತಂಬಾಕಿನಲ್ಲಿರುವ ನೈಟ್ರೇಟನ್ನು ನೈಟ್ರೈಟ್ ಆಗಿ ಬದಲಿಸುವುದು ಈ ಬ್ಯಾಕ್ಟೀರಿಯಾಗಳೇ. ನೈಟ್ರೈಟ್ ನಿಕೋಟಿನ್ ಮೊದಲಾದ ಆಲ್ಕಲಾಯ್ಡ್‌ಗಳೊಡನೆ ಸೇರಿ ನೈಟ್ರೊಸಮೈನ್ ಆಗುತ್ತದೆ. ಹೊಗೆರಹಿತ ತಂಬಾಕಿನಲ್ಲಿರುವ ಮುಖ್ಯ ಕ್ಯಾನ್ಸರ್‌ಕಾರಕ ಇದು. ಬ್ಯಾಕ್ಟೀರಿಯಾ ಉಳಿದರೆ ಅಂಗಡಿಯ ಕಪಾಟಿನಲ್ಲೂ ಈ ವಿಷ ಬೆಳೆಯುತ್ತಲೇ ಇರುತ್ತದೆ. ಈ ಶತಮಾನದ ಆರಂಭದಲ್ಲಿ ಅಮೆರಿಕದ ಸಂಶೋಧಕರು ಡಬ್ಬಿಗಳನ್ನು ತಿಂಗಳುಗಟ್ಟಲೆ ಕೊಠಡಿಯ ಉಷ್ಣಾಂಶದಲ್ಲಿಟ್ಟು ಅಳೆದಾಗ, ಅಲ್ಲಿನ ಕೆಲವು ಹೆಸರಾಂತ ಬ್ರ್ಯಾಂಡ್‌ಗಳಲ್ಲಿ ನೈಟ್ರೊಸಮೈನ್ ಏರಿತ್ತು, ಎಟ್ಟಾನ್‌ನಲ್ಲಿ ಏರಿರಲಿಲ್ಲ. ಸ್ವೀಡನ್‌ನ ಅಂಗಡಿಗಳಲ್ಲಿ ಸ್ನೂಸ್ ಇಡುವುದು ಫ್ರಿಜ್‌ನಲ್ಲಿ.

ಇದು ಕಂಪನಿಗಳ ಔದಾರ್ಯದಿಂದಷ್ಟೇ ಆದದ್ದಲ್ಲ. 1970ರ ದಶಕದಿಂದ ಸ್ನೂಸ್ ಅಲ್ಲಿ ಆಹಾರ ಕಾಯ್ದೆಯ ವ್ಯಾಪ್ತಿಗೆ ಬಂತು. ಆಮೇಲೆ ಜನರಲ್ ತಯಾರಿಸುವ ಸ್ವೀಡಿಷ್ ಮ್ಯಾಚ್ ಕಂಪನಿ 'ಗೋಥಿಯಾಟೆಕ್' ಎಂಬ ಸ್ವಂತ ಮಾನದಂಡವನ್ನು ಪ್ರಕಟಿಸಿತು. ಎನ್‌ಎನ್‌ಎನ್ ಮತ್ತು ಎನ್‌ಎನ್‌ಕೆ ಎಂಬ ಎರಡು ಅಪಾಯಕಾರಿ ನೈಟ್ರೊಸಮೈನ್‌ಗಳಿಗೆ ಒಟ್ಟಾಗಿ ಅದು ಇಟ್ಟಿರುವ ಮಿತಿ ಕಿಲೋಗೆ 0.95 ಮಿಲಿಗ್ರಾಂ.

ಯುರೋಪಿಯನ್ ಒಕ್ಕೂಟ 1992ರಲ್ಲಿ ಇಂಥ ತಂಬಾಕಿನ ಮಾರಾಟವನ್ನೇ ನಿಷೇಧಿಸಿತು. 1995ರಲ್ಲಿ ಒಕ್ಕೂಟ ಸೇರುವಾಗ ಸ್ವೀಡನ್ ಹಟ ಹಿಡಿದು ತನಗೆ ಮಾತ್ರ ವಿನಾಯಿತಿ ಪಡೆಯಿತು. ಕಂಪನಿ ನ್ಯಾಯಾಲಯಕ್ಕೆ ಹೋದರೂ 2004ರಲ್ಲಿ, ಮತ್ತೆ 2018ರಲ್ಲಿ ನಿಷೇಧವೇ ಗೆದ್ದಿತು. ಹಾಗಾಗಿ ರಫ್ತಿನ ದೃಷ್ಟಿ ಅಟ್ಲಾಂಟಿಕ್‌ನ ಆಚೆ ನೆಟ್ಟಿತು.

ಅಷ್ಟರಲ್ಲಿ ಅಮೆರಿಕದ ಸಿಗರೇಟು ಕಂಪನಿಗಳು ಆ ಹೆಸರನ್ನೇ ಎತ್ತಿಕೊಂಡಿದ್ದವು. 2006ರಲ್ಲಿ ಆಸ್ಟಿನ್ ಮತ್ತು ಪೋರ್ಟ್‌ಲ್ಯಾಂಡ್‌ನಲ್ಲಿ 'ಕ್ಯಾಮೆಲ್ ಸ್ನೂಸ್', ಮರುವರ್ಷ ಡಲ್ಲಾಸ್‌ನಲ್ಲಿ 'ಮಾರ್ಲ್‌ಬೊರೊ ಸ್ನೂಸ್' ಪ್ರಯೋಗಕ್ಕೆ ಇಳಿದವು. ಕ್ಯಾಮೆಲ್ ಸಿಹಿ. ಆಗಿನ ಮಾರ್ಲ್‌ಬೊರೊದ ಚೀಲ ಸಣ್ಣದು, ಒಣಕಲು. ಅದರಿಂದ ಬಾಯಿಗೆ ಬಿಡುಗಡೆಯಾಗುವ ನಿಕೋಟಿನ್ ತೀರಾ ಕಡಿಮೆ. ಸೋಡಿಯಂ ಕಾರ್ಬೊನೇಟ್ ತಂಬಾಕನ್ನು ಕ್ಷಾರೀಯವಾಗಿಸಿದಾಗ ಮಾತ್ರ ನಿಕೋಟಿನ್ ಒಸಡಿನ ಮೂಲಕ ಸಲೀಸಾಗಿ ರಕ್ತ ಸೇರುತ್ತದೆ. ನಮ್ಮಲ್ಲಿ ಅಂಗೈ ಮೇಲೆ ಹೊಗೆಸೊಪ್ಪು ಇಟ್ಟು ಸುಣ್ಣ ಸೇರಿಸಿ ಹೆಬ್ಬೆರಳಿನಿಂದ ತಿಕ್ಕುವುದರ ಹಿಂದಿರುವ ರಸಾಯನವೂ ಇದೇ. ಮಾರ್ಲ್‌ಬೊರೊದ ಚೀಲವನ್ನು ಸ್ನೂಸ್ ಎನ್ನಬಹುದೇ ಎಂದು 2008ರ ಹೊತ್ತಿಗೆ ಸಂಶೋಧಕರು ಬಹಿರಂಗವಾಗಿಯೇ ಕೇಳಿದರು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅತ್ಯಂತ ಮುಖ್ಯವಾದ ಪ್ರಶ್ನೆ ಅದು.

ಏಕೆಂದರೆ, ಸ್ನೂಸ್ ಸಿಗರೇಟಿಗಿಂತ ಬಹಳ ಕಡಿಮೆ ಅಪಾಯಕಾರಿ ಎಂಬ ಪುರಾವೆ ಬಂದದ್ದು ಸ್ವೀಡನ್‌ನ ಜನ ದಶಕಗಳ ಕಾಲ ಸ್ವೀಡನ್‌ನ ಸ್ನೂಸ್ ಬಳಸಿದ ಅನುಭವದಿಂದ. ಅಲ್ಲಿನ ಗಂಡಸರಲ್ಲಿ ಧೂಮಪಾನ ಕಡಿಮೆ, ಶ್ವಾಸಕೋಶದ ಕ್ಯಾನ್ಸರ್ ಸಾವೂ ಕಡಿಮೆ. ಬೇರೆ ರೀತಿಯಲ್ಲಿ ತಯಾರಾದ ಚೀಲಕ್ಕೆ ಆ ಪುರಾವೆಯನ್ನು ಎರವಲು ಕೊಡಲಾಗದು. ಸ್ನೂಸ್ ನಿರಪಾಯಕಾರಿಯೂ ಅಲ್ಲ. ಚಟ ಗಟ್ಟಿಯಾಗಿ ಹಿಡಿಯುತ್ತದೆ. ಬಸುರಿಯರು ಬಳಸಿದರೆ ಅವಧಿಗೆ ಮುನ್ನ ಹೆರಿಗೆಯಾಗುವ ಅಪಾಯ ಹೆಚ್ಚು.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಈ ವ್ಯತ್ಯಾಸವನ್ನು ಗಂಭೀರವಾಗಿ ತೆಗೆದುಕೊಂಡಿತು. 2015ರ ನವೆಂಬರ್‌ನಲ್ಲಿ ಜನರಲ್‌ನ ಎಂಟು ಬಗೆಗಳಿಗೆ ಮಾರಾಟದ ಅನುಮತಿ ಕೊಟ್ಟಿತು. ಪಟ್ಟಿಯಲ್ಲಿ ಅಮೆರಿಕದವರ ಮೆಚ್ಚಿನ ವಿಂಟರ್‌ಗ್ರೀನ್ ರುಚಿಯೂ, 12 ಚೀಲಗಳ ಚಿಕ್ಕ ಡಬ್ಬಿಯೂ ಇದ್ದವು. ತವರಿನ ಡಬ್ಬಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಚೀಲಗಳಿರುವುದು ವಾಡಿಕೆ. ಒಸಡಿನ ರೋಗ ಮತ್ತು ಹಲ್ಲು ಉದುರುವಿಕೆಯ ಎಚ್ಚರಿಕೆಯನ್ನು ತೆಗೆಯಬೇಕೆಂಬ ಕೋರಿಕೆಯನ್ನು 2016ರಲ್ಲಿ ತಳ್ಳಿಹಾಕಿತು, ಬಾಯಿ ಕ್ಯಾನ್ಸರಿನ ಎಚ್ಚರಿಕೆಯ ಕುರಿತ ತೀರ್ಮಾನವನ್ನು ಮುಂದಕ್ಕೆ ಹಾಕಿತು. ಕೊನೆಗೆ 2019ರ ಅಕ್ಟೋಬರ್‌ನಲ್ಲಿ, ಸಿಗರೇಟಿನ ಬದಲು ಜನರಲ್ ಬಳಸಿದರೆ ಬಾಯಿಯ ಕ್ಯಾನ್ಸರ್, ಹೃದ್ರೋಗ, ಪಾರ್ಶ್ವವಾಯು ಮೊದಲಾದವುಗಳ ಅಪಾಯ ಕಡಿಮೆ ಎಂದು ಹೇಳಿಕೊಳ್ಳಲು ಒಪ್ಪಿಗೆ ಕೊಟ್ಟಿತು. ಒಪ್ಪಿಗೆ ಸಿಕ್ಕಿದ್ದು ಆ ಎಂಟು ಸರಕುಗಳಿಗೆ ಮಾತ್ರ, ಸ್ನೂಸ್ ಎಂಬ ಇಡೀ ವರ್ಗಕ್ಕಲ್ಲ.

ಸ್ವೀಡನ್‌ನ ಉದಾಹರಣೆ ಕೊಟ್ಟು ಹೊಗೆರಹಿತ ತಂಬಾಕು ಪರವಾಗಿಲ್ಲ ಎನ್ನುವ ಮಾತು ಭಾರತದಲ್ಲೂ ಕೇಳಿಬರುವುದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ. 2016-17ರ ಸಮೀಕ್ಷೆಯ ಪ್ರಕಾರ ನಮ್ಮ ವಯಸ್ಕರಲ್ಲಿ ಶೇ 21.4ರಷ್ಟು ಜನ ಹೊಗೆರಹಿತ ತಂಬಾಕು ಬಳಸುತ್ತಿದ್ದರು. ಪರೀಕ್ಷೆಗೆ ಒಳಪಟ್ಟ ಹಲವು ಖೈನಿ ಮಾದರಿಗಳಲ್ಲಿ ನೈಟ್ರೊಸಮೈನ್ ಪ್ರಮಾಣ ಸ್ವೀಡನ್‌ನ ಮಿತಿಗಿಂತ ಅನೇಕ ಪಟ್ಟು ಹೆಚ್ಚಿತ್ತು. ಸ್ವೀಡನ್ ಆಹಾರ ಕಾಯ್ದೆಯನ್ನು ಸ್ನೂಸ್‌ನ ಗುಣಮಟ್ಟ ಕಾಯಲು ಬಳಸಿತು. ಕರ್ನಾಟಕ 2013ರಲ್ಲಿ ಆಹಾರ ಸುರಕ್ಷತೆಯ ನಿಯಮವನ್ನೇ ಹಿಡಿದು ಗುಟ್ಕಾ ನಿಷೇಧಿಸಿತು. ತಯಾರಕರು ಪಾನ್ ಮಸಾಲಾ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದರಲ್ಲಿ ಹಾಕಿ ಮಾರತೊಡಗಿದರು. ಆ ಎರಡನೆಯ ಪೊಟ್ಟಣದೊಳಗಿನ ನೈಟ್ರೊಸಮೈನ್ ಎಷ್ಟೆಂದು ಕೊಳ್ಳುವವನಿಗೆ ಯಾರೂ ಹೇಳುವುದಿಲ್ಲ.