ಚಮಚ ಓರೆ ಮಾಡಿ ನೋಡಿ

ಎಂಟು ತಿಂಗಳ ಗಂಡುಮಗು. ತೂಕ ಆರೂವರೆ ಕಿಲೋ. ಆರು ತಿಂಗಳಾದಾಗ ಇದ್ದಷ್ಟೇ. ತಾಯಿ ಸುಮ್ಮನೆ ಕೂತಿರುತ್ತಾಳೆ, ಜೊತೆಗೆ ಬಂದ ಅಜ್ಜಿಯ ಉತ್ತರ ಮಾತ್ರ ತಯಾರಾಗಿರುತ್ತದೆ: "ದಿನಕ್ಕೆ ಎರಡು ಸಲ ಮಣ್ಣಿ ಕೊಡ್ತೇವೆ ಡಾಕ್ಟ್ರೇ, ಲೋಟ ಪೂರ್ತಿ ಕುಡೀತಾನೆ. ಒಂದು ಟಾನಿಕ್ ಬರೆದುಕೊಡಿ." ನಾವು ಟಾನಿಕ್ಕಿನ ಚೀಟಿ ಬದಿಗಿಟ್ಟು "ಕುಡೀತಾನೆ" ಎಂಬ ಆ ಶಬ್ದವನ್ನೇ ಹಿಡಿದುಕೊಳ್ಳಬೇಕಾಗುತ್ತದೆ. ಮಣ್ಣಿ ಎಂದರೆ ಮಕ್ಕಳಿಗೆಂದು ರಾಗಿ ಬೇಯಿಸಿ ಮಾಡುವ ಊಟ. ಆರು ತಿಂಗಳು ದಾಟಿದ ಮಗುವಿನ ಮಣ್ಣಿ ಕುಡಿಯುವ ಹಾಗಿದ್ದರೆ ಅದರಲ್ಲಿ ರಾಗಿಗಿಂತ ನೀರೇ ಜಾಸ್ತಿ.

ನಮ್ಮ ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಅಡೂರಿನವರೆಗೆ ಮಣ್ಣಿ ಮಾಡುವ ಕ್ರಮ ಹೆಚ್ಚುಕಮ್ಮಿ ಒಂದೇ. ರಾಗಿ ನೆನೆಸಿ, ರುಬ್ಬಿ, ಬಿಳಿ ಬಟ್ಟೆಯಲ್ಲಿ ಸೋಸಿ ಹಾಲು ತೆಗೆದು, ಓಲೆಬೆಲ್ಲ ಹಾಕಿ ಮಗುಚುವುದು. ಕೆಲವು ಮನೆಗಳಲ್ಲಿ ರಾಗಿ ಹುಡಿ, ಕೆಲವು ಕಡೆ ನೇಂದ್ರ ಬಾಳೆಕಾಯಿಯ ಹುಡಿ. ಈ ಯಾವುದರ ಬಗ್ಗೆಯೂ ನಮ್ಮ ದೊಡ್ಡ ತಕರಾರಿಲ್ಲ. ದೊಡ್ಡ ತಕರಾರಿರುವುದು ನೀರಿನ ಬಗ್ಗೆ.

ಲೆಕ್ಕ ನೋಡಿ. ಲೋಟಕ್ಕೆ, ಅಂದರೆ ಸುಮಾರು 150 ಎಂಎಲ್ ನೀರಿಗೆ, ಎರಡು ಟೀ ಚಮಚ ರಾಗಿ ಹುಡಿ ಹಾಕುತ್ತಾರೆ. ಅದು ಐದಾರು ಗ್ರಾಂ. ರಾಗಿಯಿಂದ ಸಿಗುವುದು ಹದಿನೇಳು ಹದಿನೆಂಟು ಕ್ಯಾಲರಿ, ಬೆಲ್ಲದಿಂದ ಇನ್ನೊಂದಷ್ಟು. ಒಟ್ಟು 35 ಎಂದಿಟ್ಟುಕೊಳ್ಳಿ. ಎರಡು ಲೋಟಕ್ಕೆ 70. ಆರರಿಂದ ಎಂಟು ತಿಂಗಳ ಮಗುವಿಗೆ ತಾಯಿಹಾಲಿನ ಜೊತೆಗೆ ಮೇಲಾಹಾರದಿಂದ ದಿನಕ್ಕೆ ಸುಮಾರು 200 ಕ್ಯಾಲರಿ ಬೇಕು. ಒಂಬತ್ತರಿಂದ ಹನ್ನೊಂದು ತಿಂಗಳಲ್ಲಿ 300, ವರ್ಷ ಕಳೆದ ಮೇಲೆ 550.

ಹಾಗಾದರೆ ಇನ್ನೆರಡು ಲೋಟ ಕೊಟ್ಟರಾಯಿತಲ್ಲ ಅನ್ನುವವರಿದ್ದಾರೆ. ಹೊಟ್ಟೆಯಲ್ಲಿ ಜಾಗ ಬೇಕಲ್ಲ. ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಅದರ ತೂಕದ ಪ್ರತಿ ಕಿಲೋಗೆ ಸುಮಾರು 30 ಎಂಎಲ್. ಆರೂವರೆ ಕಿಲೋದ ಮಗುವಿಗೆ 200 ಎಂಎಲ್ ಆಸುಪಾಸು. 150 ಎಂಎಲ್ ತೆಳು ಮಣ್ಣಿ ಒಳಗೆ ಹೋದರೆ ಅದು ಮುಕ್ಕಾಲು ತುಂಬಿತು. ಆಮೇಲೆ ಎದೆಗೆ ಹಿಡಿದರೆ ಮಗು ಮುಖ ತಿರುಗಿಸುತ್ತದೆ. ಈಗ ಇನ್ನೊಂದು ಲೆಕ್ಕ: ತಾಯಿಹಾಲಿನಲ್ಲಿ 100 ಎಂಎಲ್‌ಗೆ 65ರಿಂದ 70 ಕ್ಯಾಲರಿ ಇದೆ, ಆ ಮಣ್ಣಿಯಲ್ಲಿ 23. ಹಾಲಿನ ಮೂರರಲ್ಲೊಂದು ಪಾಲು ಸತ್ವದ ನೀರು ಕೊಟ್ಟು ಹಾಲಿನ ಜಾಗವನ್ನೇ ಕಸಿದ ಹಾಗಾಯಿತು. ಮಗು ಅಳುವುದಿಲ್ಲ, ಹೊಟ್ಟೆ ಉಬ್ಬಿರುತ್ತದೆ, ಚೆನ್ನಾಗಿ ನಿದ್ದೆ ಮಾಡುತ್ತದೆ. ಮನೆಯವರಿಗೆಲ್ಲ ಸಮಾಧಾನ. ತೂಕದ ಮೇಜಿಗೆ ಮಾತ್ರ ಸಮಾಧಾನ ಇಲ್ಲ.

ನೀರು ಯಾಕೆ ಹೆಚ್ಚಾಗುತ್ತದೆ? ಬಿಸಿ ತಾಗಿದಾಗ ರಾಗಿಯ ಪಿಷ್ಟ ನೀರು ಹೀರಿ ಉಬ್ಬುತ್ತದೆ. ಸ್ವಲ್ಪವೇ ಹುಡಿ ಹಾಕಿದ್ದರೂ ಪಾತ್ರೆಯಲ್ಲಿ ಗಟ್ಟಿಯಾದಂತೆ ಕಾಣುತ್ತದೆ, ಆರಿದ ಮೇಲೆ ಇನ್ನೂ ಗಟ್ಟಿ. ಅಜ್ಜಿಗೆ ಹೆದರಿಕೆ, "ಗಂಟಲಲ್ಲಿ ಸಿಕ್ಕೀತು." ಇನ್ನೊಂದು ಸೌಟು ಬಿಸಿನೀರು ಬೀಳುತ್ತದೆ. ಈ ಹೆದರಿಕೆಯನ್ನು ತಳ್ಳಿಹಾಕಲಾಗದು, ಅದು ಪ್ರೀತಿಯಿಂದ ಬಂದದ್ದು. ಆದರೆ ನುಣ್ಣಗಿನ ದಪ್ಪ ಮಣ್ಣಿ ಉಸಿರು ಕಟ್ಟಿಸುವ ಆಹಾರವಲ್ಲ. ಚಮಚ ನಾಲಗೆಯ ಹಿಂಭಾಗಕ್ಕೆ ತಾಗಿದಾಗ ಮಗು ನಾಲಗೆ ಹೊರಹಾಕಿ, ಮುಖ ಕೆಂಪು ಮಾಡಿ, ಸದ್ದು ಮಾಡುತ್ತಾ ಓಕರಿಸುತ್ತದೆ. ಅದು ಗಂಟಲಿನ ಕಾವಲು, ಕಲಿಕೆಯ ಒಂದು ಭಾಗ. ಉಸಿರು ಕಟ್ಟಿದ ಮಗು ಸದ್ದೇ ಮಾಡುವುದಿಲ್ಲ, ಅಳಲಾಗುವುದಿಲ್ಲ, ತುಟಿ ನೀಲಿಯಾಗುತ್ತದೆ. ಆಗ ಮಗುವನ್ನು ಮುಂಗೈ ಮೇಲೆ ಕವುಚಿ, ತಲೆ ಕೆಳಗೆ ಬರುವ ಹಾಗೆ ಹಿಡಿದು, ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಪೆಟ್ಟು. ಹೊರಬರದಿದ್ದರೆ ಅಂಗಾತ ತಿರುಗಿಸಿ ಎದೆಯ ಮಧ್ಯೆ, ಮೊಲೆತೊಟ್ಟುಗಳ ಗೆರೆಗಿಂತ ಸ್ವಲ್ಪ ಕೆಳಗೆ, ಒಂದು ಅಂಗೈಯ ಬುಡದಿಂದ ಐದು ಸಲ ಒತ್ತು. ವಸ್ತು ಬರುವವರೆಗೆ ಒಂದಾದ ಮೇಲೊಂದು, ನಡುವೆ ಯಾರಾದರೂ ಆಂಬುಲೆನ್ಸಿಗೆ ಫೋನ್ ಮಾಡಲಿ. ಮಗುವಿನ ಅರಿವು ತಪ್ಪಿದರೆ ಉಸಿರು ಕೊಟ್ಟು ಎದೆ ಒತ್ತುವುದನ್ನು ಶುರು ಮಾಡಬೇಕು. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಿ ತಡಕಬೇಡಿ. ಹಾಗೆ ಗಂಟಲು ಕಟ್ಟುವುದು ನೆಲಗಡಲೆ, ಹುರಿಗಡಲೆ, ಇಡೀ ದ್ರಾಕ್ಷಿ, ರಂಬುಟಾನಿನ ಬೀಜ. ನಮ್ಮೂರಲ್ಲಿ ಅಂಗಳದ ತುಂಬ ಹರಡಿದ ಅಡಿಕೆಯೂ ಇದೆ. ದಪ್ಪ ಮಣ್ಣಿ ಕೊಡಲು ಹೆದರುವ ಮನೆಯಲ್ಲೇ ಅಂಬೆಗಾಲಿಕ್ಕುವ ಮಗುವನ್ನು ಆ ಅಂಗಳದಲ್ಲಿ ಬಿಟ್ಟಿರುತ್ತಾರೆ!

ಇನ್ನೂ ಸಿಟ್ಟು ಬರುವುದು ಬಾಟಲಿ ನೋಡಿದಾಗ. ತೆಳು ಮಣ್ಣಿಯನ್ನು ಹಾಲಿನ ಬಾಟಲಿಗೆ ಸುರಿದು, ನಿಪ್ಪಲಿನ ತೂತನ್ನು ಬ್ಲೇಡಿನಿಂದ ದೊಡ್ಡದು ಮಾಡಿ ಕೊಡುವುದು. ಮಗು ಅಗಿಯುವುದನ್ನೂ ನಾಲಗೆ ಆಡಿಸುವುದನ್ನೂ ಕಲಿಯುವುದಿಲ್ಲ, ಹರಿವು ಜೋರಾಗಿ ಕೆಮ್ಮುತ್ತದೆ, ಕತ್ತರಿಸಿದ ರಬ್ಬರಿನ ಸಂದಿಯಲ್ಲಿ ಮಣ್ಣಿ ಕೂತು ಹುಳಿಯುತ್ತದೆ, ವಾರಕ್ಕೊಮ್ಮೆ ಭೇದಿ. ಬಟ್ಟಲು, ಚಮಚ, ಶುದ್ಧವಾಗಿ ತೊಳೆದ ಕೈ. ಬೇರೇನೂ ಬೇಡ.

ಸರಿ, ದಪ್ಪ ಎಂದರೆ ಎಷ್ಟು? 120 ಎಂಎಲ್ ನೀರಿಗೆ ಎರಡು ಊಟದ ಚಮಚ ಹುಡಿ. ಊಟದ ಚಮಚವೆಂದರೆ 15 ಎಂಎಲ್ ಹಿಡಿಯುವುದು, ಟೀ ಚಮಚದ ಮೂರು ಪಟ್ಟು. ಮೊದಲು ತಣ್ಣೀರಲ್ಲಿ ಗಂಟಿಲ್ಲದೆ ಕಲಸಿ, ಸಣ್ಣ ಉರಿಯಲ್ಲಿ ಹಸಿವಾಸನೆ ಹೋಗುವವರೆಗೆ ಮಗುಚಿ, ಇಳಿಸಿದ ಮೇಲೆ ಒಂದು ಟೀ ಚಮಚ ತುಪ್ಪ ಅಥವಾ ತೆಂಗಿನೆಣ್ಣೆ. ಆ ಒಂದು ಚಮಚವೇ 40 ಕ್ಯಾಲರಿ, ನೀವು ಲೋಟಕ್ಕೆ ಹಾಕುತ್ತಿದ್ದ ಇಡೀ ರಾಗಿಯ ಎರಡು ಪಟ್ಟಿಗಿಂತ ಹೆಚ್ಚು. ಈಗ ಒಂದು ಬಟ್ಟಲಿಗೆ 90 ದಾಟಿತು. ಎರಡು ಬಟ್ಟಲು, ನಡುವೆ ಒಂದು ಕದಳಿ ಬಾಳೆಹಣ್ಣು ಹಿಸುಕಿ ಕೊಟ್ಟರೆ ದಿನದ 200 ಮುಗಿಯಿತು. ಪರೀಕ್ಷೆ ಸುಲಭ: ಚಮಚದಲ್ಲಿ ತೆಗೆದು ಓರೆ ಮಾಡಿ. ಹರಿದು ಹೋದರೆ ತೆಳು. ಚಮಚಕ್ಕೆ ಅಂಟಿಕೊಂಡು, ಆಮೇಲೆ ಮುದ್ದೆಯಾಗಿ ನಿಧಾನಕ್ಕೆ ಜಾರಿದರೆ ಸರಿ. ಕುಚ್ಚಿಲಕ್ಕಿ ಗಂಜಿಗೂ ಇದೇ. ಗಂಜಿಯ ತಿಳಿ ಮಗುವಿಗೆ ಬೇಡ, ಅಗಳನ್ನು ಹೆಸರುಬೇಳೆಯ ಜೊತೆ ನುರಿದು ಕೊಡಿ. ಮೊದಲ ವಾರದಲ್ಲೇ ಇಡೀ ಬಟ್ಟಲು ತುರುಕಲು ಹೋಗಬೇಡಿ. ಎರಡು ಮೂರು ಚಮಚದಿಂದ ಶುರು ಮಾಡಿ ವಾರ ವಾರ ಏರಿಸಿ. ಅಳತೆ ಕಡಿಮೆ ಇರಲಿ, ದಪ್ಪ ಮೊದಲ ದಿನದಿಂದಲೇ ಇರಲಿ.

ಮೊಳಕೆ ರಾಗಿಯ ವಿಷಯದಲ್ಲಿ ಮಾತ್ರ ಈ ಚಮಚದ ಪರೀಕ್ಷೆ ನಡೆಯುವುದಿಲ್ಲ. ಮೊಳಕೆ ಬರುವಾಗ ಕಾಳಿನೊಳಗೆ ಅಮೈಲೇಸ್ ಎಂಬ ಕಿಣ್ವ ಹೆಚ್ಚುತ್ತದೆ, ಅದು ಪಿಷ್ಟವನ್ನು ತುಂಡರಿಸುತ್ತದೆ. ಪಿಷ್ಟ ತುಂಡಾದರೆ ನೀರು ಹಿಡಿದುಕೊಳ್ಳುವ ಶಕ್ತಿ ಹೋಯಿತು. ಹಾಗಾಗಿ ಅದೇ 120 ಎಂಎಲ್‌ಗೆ ಮೂರು ಊಟದ ಚಮಚ ಹುಡಿ ಹಾಕಿದರೂ ಮಣ್ಣಿ ಸಡಿಲವಾಗಿಯೇ ಇರುತ್ತದೆ. ನೀರು ಸೇರಿಸಿ ತೆಳುವಾದದ್ದು ಬೇರೆ, ಮೊಳಕೆಯಿಂದ ತೆಳುವಾದದ್ದು ಬೇರೆ. ಕಣ್ಣಿಗೆ ಎರಡೂ ಒಂದೇ. ಇದು ತಿಳಿದಿದ್ದರೆ ಒಂದು ಉಪಾಯ ಕೈಗೆ ಸಿಗುತ್ತದೆ. ಸಾಮಾನ್ಯ ಹುಡಿಯ ದಪ್ಪ ಮಣ್ಣಿಯನ್ನೇ ಮಗು ನುಂಗದೆ ಹಟ ಮಾಡಿದರೆ, ಒಲೆಯಿಂದ ಇಳಿಸಿ ಕುದಿ ನಿಂತು ಸ್ವಲ್ಪ ಹೊತ್ತಾದ ಮೇಲೆ, ಇನ್ನೂ ಕೈ ತಾಗಿಸಲಾಗದಷ್ಟು ಬಿಸಿ ಇರುವಾಗ, ಅರ್ಧ ಟೀ ಚಮಚ ಮೊಳಕೆ ಹುಡಿ ಉದುರಿಸಿ ಮಗುಚಿ. ಕೆಲವೇ ನಿಮಿಷದಲ್ಲಿ ಸೌಟಿನ ಬಿಗಿ ಸಡಿಲವಾಗುವುದು ಕೈಗೇ ತಿಳಿಯುತ್ತದೆ. ಕುದಿಯುವಾಗಲೇ ಹಾಕಿದರೆ ಕಿಣ್ವ ಸಾಯುತ್ತದೆ, ಪೂರ್ತಿ ಆರಿದ ಮೇಲೆ ಹಾಕಿದರೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಸಡಿಲಾದ ಮೇಲೆ ಮತ್ತೆ ಒಲೆಗಿಟ್ಟು ಒಂದೆರಡು ನಿಮಿಷ ಕುದಿಸಲೇಬೇಕು. ಮೊಳಕೆಯ ತೇವದಲ್ಲಿ ರೋಗಾಣುಗಳೂ ಬೆಳೆದಿರುತ್ತವೆ.

ಮೊಳಕೆ ಬರಿಸುವಾಗ ನಮ್ಮ ಹವೆಯೇ ಶತ್ರು. ರಾಗಿಯನ್ನು ಒಂದು ರಾತ್ರಿ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಂದೂವರೆ ಎರಡು ದಿನ ಇಟ್ಟರೆ ಬಿಳಿ ಮೊಳಕೆ ಬರುತ್ತದೆ. ಬಿಸಿಲಲ್ಲಿ ಕಟಕಟ ಒಣಗಿಸಿ, ಬೇರಿನ ಎಳೆಗಳನ್ನು ಉಜ್ಜಿ ತೆಗೆದು, ಹದವಾಗಿ ಬೆಚ್ಚಗೆ ಮಾಡಿ ಹುಡಿ ಮಾಡುವುದು. ಕೆಂಪಗೆ ಹುರಿದರೆ ಪರಿಮಳ ಬರುತ್ತದೆ, ಕಿಣ್ವ ಹೋಗುತ್ತದೆ. ಮಳೆ ಸುರಿಯುವ ಆಟಿ ತಿಂಗಳಲ್ಲಿ ಈ ಸಾಹಸ ಬೇಡ, ಒಣಗುವ ಮೊದಲೇ ಬೂಸಲು ಹಿಡಿಯುತ್ತದೆ. ಹುಳಿ ವಾಸನೆ ಬಂದದ್ದನ್ನು ಹುರಿದು ಸರಿ ಮಾಡಲು ಹೋಗದೆ ಚೆಲ್ಲಿಬಿಡಿ.

ಸೋಸುವ ಬಟ್ಟೆಯ ಬಗ್ಗೆ ಒಂದು ಮಾತು. ರಾಗಿಯ ಸುಣ್ಣ, ಕಬ್ಬಿಣಾಂಶದ ಗಣನೀಯ ಪಾಲು ಸಿಪ್ಪೆಯ ಭಾಗದಲ್ಲಿದೆ, ಅದು ಬಟ್ಟೆಯಲ್ಲೇ ಉಳಿದು ಕೋಳಿಗೆ ಹೋಗುತ್ತದೆ. ಮೊದಲ ಎರಡು ಮೂರು ವಾರ ಸೋಸಿದರೆ ಅಡ್ಡಿಯಿಲ್ಲ, ಆಮೇಲೆ ಸಣ್ಣ ಜರಡಿ ಹಿಡಿದ ಹುಡಿ ಸಾಕು. ಹಾಗೆಂದು ಸಿಪ್ಪೆ ಸಮೇತ ಕೊಟ್ಟರೂ ರಾಗಿಯೊಂದರಿಂದಲೇ ಕಬ್ಬಿಣದ ಲೆಕ್ಕ ತುಂಬುವುದಿಲ್ಲ. ಬೂತಾಯಿ ಮೀನಿನ ಮುಳ್ಳನ್ನು ಬೆರಳಲ್ಲಿ ಒತ್ತಿ ನೋಡಿ ತೆಗೆದು ನುರಿದು ಕೊಡಿ. ಪೂರ್ತಿ ಬೆಂದ ಮೊಟ್ಟೆಗೆ ವರ್ಷ ಆಗಬೇಕೆಂದಿಲ್ಲ. ಸಸ್ಯಾಹಾರದ ಮನೆಯಾದರೆ ದಿನವೂ ಬೇಳೆ, ಜೊತೆಗೆ ಹರಿವೆ ಸೊಪ್ಪು, ಎರಡು ಹನಿ ಲಿಂಬೆರಸ. ಆರು ತಿಂಗಳ ನಂತರ ವಾರಕ್ಕೆರಡು ಸಲ ಒಂದೊಂದು ಎಂಎಲ್ ಕಬ್ಬಿಣದ ಸಿರಪ್ ಸರ್ಕಾರದಿಂದಲೇ ಸಿಗುತ್ತದೆ, ಆಶಾ ಕಾರ್ಯಕರ್ತೆಯನ್ನು ಕೇಳಿ. ಬೆಲ್ಲದಿಂದ ಕಬ್ಬಿಣ ಬರುತ್ತದೆ ಎಂದು ಬೆಲ್ಲ ಹೆಚ್ಚಿಸುವುದು ಬೇಡ, ವರ್ಷದವರೆಗೆ ಅದಿಲ್ಲದಿದ್ದರೇ ಒಳ್ಳೆಯದು. ಜೇನು ವರ್ಷ ತುಂಬುವವರೆಗೆ ಒಂದು ಹನಿಯೂ ಕೂಡದು.

ಅಂಗನವಾಡಿಯಲ್ಲಿ ಮಕ್ಕಳಿಗೆಂದು ಕೊಡುವ ಅಮೃತಂ ಹುಡಿ ಆಗಬಹುದೇ? ಅದರ ಪಾಕ ರೂಪುಗೊಂಡದ್ದೇ ನಮ್ಮ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ (ಸಿಪಿಸಿಆರ್‌ಐ). ಗೋಧಿ, ಕಡಲೆ, ಸೋಯಾ, ನೆಲಗಡಲೆ ಸೇರಿದ್ದರಿಂದ ಬರೀ ರಾಗಿಗಿಂತ ಪ್ರೋಟೀನು ಹೆಚ್ಚು. ಸಕ್ಕರೆ ಮೊದಲೇ ಇದೆ, ಮೇಲಿಂದ ಹಾಕಬೇಡಿ. ಮೊದಲ ಸಲ ಅರ್ಧ ಚಮಚ ಕೊಟ್ಟು ಮೈಮೇಲೆ ದಡಿಕೆ, ವಾಂತಿ ಬರುತ್ತದೋ ನೋಡಿಕೊಂಡು ಮುಂದುವರಿಸಿ. ಅದನ್ನು ದೊಡ್ಡವರಿಗೆ ಲಡ್ಡು ಕಟ್ಟಿ, ಯಾರ ಹೆಸರಲ್ಲಿ ಬಂತೋ ಆ ಮಗುವಿಗೆ ತೆಳು ಮಣ್ಣಿ ಕುಡಿಸುವ ಮನೆಗಳಿಗೆ ಏನು ಹೇಳುವುದು!

ಇಲ್ಲಿ ಬರೆದದ್ದು ದಿನ ತುಂಬಿ ಹುಟ್ಟಿದ, ಬೇರೆ ಕಾಯಿಲೆಯಿಲ್ಲದ ಮಕ್ಕಳಿಗೆ. ಅವಧಿಗೆ ಮುಂಚೆ ಹುಟ್ಟಿದವು, ಹೃದಯದ ತೊಂದರೆಯವು, ಕುತ್ತಿಗೆ ಇನ್ನೂ ನಿಲ್ಲದವು, ನುಂಗುವಾಗ ಪ್ರತಿ ಸಲ ಕೆಮ್ಮುವವು ಬೇರೆ, ಅವನ್ನು ಮೊದಲು ಪರೀಕ್ಷಿಸಬೇಕು. ದಪ್ಪ ಮಾಡಿ ತಿಂಗಳಾದರೂ ತೂಕ ಏರದಿದ್ದರೆ ಮೂತ್ರದ ಸೋಂಕಿನಂಥ ಬೇರೆ ಕಾರಣ ಹುಡುಕಬೇಕಾಗುತ್ತದೆ. ಹಾಗೆ ಬರುವಾಗ ತೂಕದ ಕಾರ್ಡಿನ ಜೊತೆ ಅವತ್ತು ಬೆಳಿಗ್ಗೆ ಮಾಡಿದ ಮಣ್ಣಿಯನ್ನೂ ಒಂದು ಸಣ್ಣ ಡಬ್ಬಿಯಲ್ಲಿ ತನ್ನಿ. ಮನೆಯಲ್ಲಿ ಅಳೆಯುವ ಚಮಚವೂ ಅದರೊಳಗೇ ಇರಲಿ.